ಎಳೆಯುವುದು ಕೊನೆಯ ಕೆಲಸ



ಕೋಲಾರ ಜಿಲ್ಲೆಯವರು ಮಳೆಯನ್ನು ಬೇಡ ಅನ್ನುವ ಜನ ಅಲ್ಲ. ವರ್ಷಕ್ಕೆ ಎಪ್ಪತ್ತು, ಎಪ್ಪತ್ತೈದು ಸೆಂಟಿಮೀಟರ್ ಬಿದ್ದರೆ ನಮಗೆ ಅದೇ ಸಂಭ್ರಮ. ಹಾಗಾಗಿ ಬರದ ಬಗ್ಗೆ ನಮಗಿರುವ ತಿಳಿವಳಿಕೆ ಕೆಸರಿನ ಬಗ್ಗೆ ಇಲ್ಲ. 2021ರ ನವೆಂಬರ್ ನೆನಪು ಮಾಡಿಕೊಳ್ಳಿ. ಬಿಡದೆ ಸುರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಪಾಲಾರ್ ನದಿ ನದಿಯಾಗಿ ಹರಿಯಿತು. ಜನ ಕೋಡಿ ನೋಡಲು ಬೈಕು, ಕಾರು, ಟ್ರಾಕ್ಟರ್ ಏರಿ ಹೊರಟರು. ಕೋಡಿ ನೀರು ಹರಿಯುವ ರಸ್ತೆಯಲ್ಲೇ ಗಾಡಿ ಇಳಿಸಿದವರೂ ಇದ್ದರು.

ಇದು ಮಳೆಗಾಲದ ಮಾತು ಮಾತ್ರ ಅಲ್ಲ. ಬೇಸಿಗೆಯಲ್ಲಿ ಕೆರೆ ಹೂಳು ಎತ್ತುತ್ತೇವೆ. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು. ನಾಲ್ಕು ಬೆರಳು ಕೆಳಗೆ ಹಸಿ. ಖಾಲಿ ಟ್ರಾಕ್ಟರ್ ಸಲೀಸಾಗಿ ಒಳಗೆ ಹೋಗುತ್ತದೆ. ತುಂಬಿಸಿಕೊಂಡು ವಾಪಸು ಬರುವಾಗ ಕೂತುಬಿಡುತ್ತದೆ.

ಇವತ್ತಿನ ಮಾತು ಹೀಗೆ ಹೂತುಹೋದ ಗಾಡಿಯನ್ನು ಹೊರಗೆ ತೆಗೆಯುವ ಬಗ್ಗೆ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಎಳೆಯುವುದು ಕೊನೆಯ ಕೆಲಸ. ನಮ್ಮಲ್ಲಿ ಅದೇ ಮೊದಲ ಕೆಲಸ ಆಗಿಬಿಟ್ಟಿದೆ. ಗಾಡಿ ಕೂತ ಐದು ನಿಮಿಷಕ್ಕೆ ಹತ್ತು ಜನ ಸೇರುತ್ತಾರೆ. ಯಾರೋ ಹಗ್ಗ ತರುತ್ತಾರೆ. ಇನ್ಯಾರೋ "ಇನ್ನೊಂದ್ ಸ್ವಲ್ಪ ಕೊಡಣ್ಣಾ, ಬಂದ್ಬಿಡ್ತದೆ" ಅನ್ನುತ್ತಾರೆ. ಅಣ್ಣ ಆಕ್ಸಿಲರೇಟರ್ ತುಳಿಯುತ್ತಾನೆ. ಗಾಡಿ ಬರುವುದಿಲ್ಲ, ಇನ್ನೊಂದು ಗೇಣು ಕೆಳಗೆ ಹೋಗುತ್ತದೆ.

ಯಾಕೆ ಹೀಗಾಗುತ್ತದೆ? ಮೊದಲು ನಮ್ಮ ಕಾಲ ಕೆಳಗಿನ ನೆಲವನ್ನು ನೋಡೋಣ.

ಬಂಗಾರಪೇಟೆ, ಕೋಲಾರ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್. ಸುತ್ತಮುತ್ತ ಹೊಲದ ಮಣ್ಣು ಕೆಂಪು, ಮರಳು ಬೆರೆತದ್ದು. ಮಳೆ ನಿಂತ ಮೇಲೆ ಬೇಗ ಬಿಗಿಯಾಗುತ್ತದೆ. ಕೆರೆಯೊಳಗಿನ ಗೋಡು ಮಣ್ಣು ಬೇರೆ ಜಾತಿ. ಅಂಟು ಜಾಸ್ತಿ, ನೀರು ಬಿಡುವುದಿಲ್ಲ. ಮೂರನೆಯದು ಕೆ.ಜಿ.ಎಫ್.ನಲ್ಲಿ ಕಾಣುವಂಥದ್ದು, ಸೈನೈಡ್ ದಿಬ್ಬ. ಅದನ್ನು ನೋಡದ ಕೇಳುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಶುರು ಮಾಡಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈ ನೂರಿಪ್ಪತ್ತು ವರ್ಷಗಳಲ್ಲಿ ಕಲ್ಲನ್ನು ಮೇಲೆ ತಂದು, ಗಿರಣಿಯಲ್ಲಿ ರಾಗಿ ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದು, ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಸುರಿದರು. ಮೂರು ಕೋಟಿ ಟನ್ನಿನ ಆಸುಪಾಸು ಸುರಿದಿದ್ದಾರೆ. ಈಗ ಅವು ಬೂದು ಬಣ್ಣದ, ಮೇಲೆ ಚಪ್ಪಟೆಯಾದ, ಅಂಚಿನಲ್ಲಿ ಮಳೆ ಕೊರೆದ ಗುಡ್ಡಗಳು. ಗಿಡ ಮರ ವಿರಳ. ಸಿನಿಮಾದವರಿಗೆ ಬಹಳ ಇಷ್ಟದ ಜಾಗ. ಬೇಸಿಗೆಯಲ್ಲಿ ಆ ಮೇಲ್ಮೈ ಕಾಂಕ್ರೀಟು ಅನ್ನಿಸುವಷ್ಟು ಗಟ್ಟಿ. ಮಳೆ ಬಿದ್ದ ಮೇಲೆ ಆ ನುಣುಪು ಪುಡಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೋಡಲು ಗಟ್ಟಿ. ಚಕ್ರ ಏರಿತೋ, ಒಳಗಿನ ನೀರು ಮೇಲೆ ಬಂದು ನೆಲವೇ ಗಂಜಿಯಾಗುತ್ತದೆ. ಅಲ್ಲಿ ಸಿಕ್ಕಿಕೊಂಡ ಗಾಡಿಯನ್ನು ತೆಗೆಯಲು ಇನ್ನೊಂದು ಗಾಡಿಯನ್ನು ಹತ್ತಿರ ತರುವುದೇ ಕಷ್ಟ. ಅದೂ ಕೂರುತ್ತದೆ. ದಿಬ್ಬದ ಮಣ್ಣಿನಲ್ಲಿ ವಿಷದ ಅಂಶವೂ ಉಳಿದಿದೆ. ಬೈಕು, ಜೀಪು ಹತ್ತಿಸುವ ಮೋಜು ಅಲ್ಲಿ ಬೇಡ.

ನೆಲದ ಮಾತಾಯಿತು. ಈಗ ಭಾರದ ಮಾತು. ಕೂರುವುದು ಗಾಡಿಯ ತೂಕದಿಂದ ಮಾತ್ರ ಅಲ್ಲ. ಆ ತೂಕ ಎಷ್ಟು ಅಗಲದ ಮೇಲೆ ಬೀಳುತ್ತದೆ ಅನ್ನುವುದು ಮುಖ್ಯ. ಲೋಡು ತುಂಬಿದ ಲಾರಿಯ ಟೈರು ಒಂದು ಚದರ ಸೆಂಟಿಮೀಟರಿಗೆ ಸುಮಾರು ಏಳೆಂಟು ಕೆ.ಜಿ. ಒತ್ತುತ್ತದೆ. ಕಾರಿನ ಟೈರು ಎರಡು, ಎರಡೂವರೆ ಕೆ.ಜಿ. ಇಪ್ಪತ್ತು ಟನ್ ತೂಗುವ ಬುಲ್ಡೋಜರ್ ಎಷ್ಟು ಒತ್ತುತ್ತದೆ ಗೊತ್ತೇ? ಒಂದು ಕೆ.ಜಿ.ಗೂ ಕಡಿಮೆ. ಅಗಲವಾದ ಚೈನಿನ ಮೇಲೆ ನಿಂತಿರುವುದರಿಂದ ಅದರ ಭಾರ ಹರಡಿಹೋಗುತ್ತದೆ. ಆಲ್ಟೊ ಕಾರು ಹೂತ ಕಡೆ ಬುಲ್ಡೋಜರ್ ಆರಾಮವಾಗಿ ಓಡಾಡುವುದು ಹೀಗೆ.

ಇದರಿಂದ ಒಂದು ಉಪಾಯ ಸಿಗುತ್ತದೆ. ಟೈರಿನ ಪಾದವನ್ನು ಅಗಲ ಮಾಡಿ. ಪಾಲಾರ್ ಪಾತ್ರದ ಮರಳಿನಲ್ಲಿ ಕಾರು ಕೂತರೆ ಮೊದಲು ಮಾಡಬೇಕಾದ್ದು ಗಾಳಿ ಇಳಿಸುವುದು. ಮೂವತ್ತು ಪೌಂಡಿಗೂ ಮೇಲಿರುವ ಗಾಳಿಯನ್ನು ಹದಿನೆಂಟಕ್ಕೆ ತನ್ನಿ. ಟೈರು ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ. ನಾಲ್ಕೂ ಚಕ್ರಕ್ಕೆ ಸೇರಿ ಹತ್ತು ನಿಮಿಷದ ಕೆಲಸ. ಹಗ್ಗವೂ ಬೇಡ, ಜನವೂ ಬೇಡ. ಗಟ್ಟಿ ರಸ್ತೆಗೆ ಬಂದ ಮೇಲೆ ನಿಧಾನವಾಗಿ ಹೋಗಿ ಮತ್ತೆ ಗಾಳಿ ತುಂಬಿಸಿ. ಅದನ್ನು ಮರೆತು ಹೆದ್ದಾರಿ ಹತ್ತಿ ಜೋರಾಗಿ ಓಡಿಸಿದರೆ ಟೈರು ಕಾದು ಒಡೆಯುತ್ತದೆ.

ಮರಳಿನ ಈ ವಿದ್ಯೆಯನ್ನು ಕ್ರಮವಾಗಿ ಬೆಳೆಸಿದವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮುಖ್ಯರು. 1920ರ ದಶಕದ ಕೊನೆ, 1930ರ ದಶಕದ ಮೊದಲಲ್ಲಿ ಈಜಿಪ್ಟು, ಲಿಬಿಯಾ ಮರುಭೂಮಿಯಲ್ಲಿ ಸಾದಾ ಫೋರ್ಡ್ ಕಾರುಗಳಲ್ಲಿ ತಿರುಗಿದವರು. ಕೈರೋ ಪಟ್ಟಣದ ಗುಜರಿಯಲ್ಲಿ ಅವರಿಗೆ ಒಂದಷ್ಟು ಉಕ್ಕಿನ ದೋಣಿಯಾಕಾರದ ತಗಡುಗಳು ಸಿಕ್ಕವು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಅಡಗುವ ಗುಂಡಿಗಳಿಗೆ ಸೂರು ಹಾಕಲು ಮಾಡಿದ್ದ ತಗಡುಗಳು ಅವು. ಅವನ್ನು ಚಕ್ರದ ಮುಂದೆ ಹಾಸಿ ಕಾರು ಹತ್ತಿಸಿದರು. ಇವತ್ತು ಜೀಪುಗಳ ನೆತ್ತಿಯ ಮೇಲೆ ಕಟ್ಟಿರುವ ಬಣ್ಣದ ಪ್ಲಾಸ್ಟಿಕ್ ಹಲಗೆಗಳು ಆ ತಗಡುಗಳ ಮೊಮ್ಮಕ್ಕಳು. ಅವಕ್ಕೆ ಸಾವಿರಾರು ರೂಪಾಯಿ ಕೊಡಬೇಕು. ನಮ್ಮಲ್ಲಿ ಗೋಣಿಚೀಲ ಇದೆ, ತೆಂಗಿನ ಗರಿ ಇದೆ, ನೀಲಗಿರಿ ಕೊಂಬೆ ಬೇಕಾದಷ್ಟಿದೆ. ಜಲ್ಲಿ ಚೂರು ಹಾಕಿದರೂ ನಡೆಯುತ್ತದೆ. ಚಪ್ಪಡಿ ಕಲ್ಲು ಮಾತ್ರ ಬೇಡ. ಕೆಸರಿನಲ್ಲಿ ಜಾರಿ ಓರೆಯಾಗಿ ಎದ್ದು ಗಾಡಿಯ ಹೊಟ್ಟೆಗೆ ಬಡಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ನೆಲ ಯಾವುದು ನೋಡಿ. ಭಾರವನ್ನು ಹರಡಿ. ಈಗ ಡ್ರೈವರ್ ಸೀಟಿಗೆ ಬರೋಣ.

ಚಕ್ರ ನಿಂತಲ್ಲೇ ತಿರುಗಲು ಶುರುವಾದ ಕೂಡಲೇ ಕಾಲು ತೆಗೆಯಿರಿ. ತಿರುಗುವ ಚಕ್ರ ಗುದ್ದಲಿಯ ಕೆಲಸ ಮಾಡುತ್ತದೆ. ಒಂದು ಸಂಗತಿ ಗಮನಿಸಿ. ಸಾಮಾನ್ಯವಾಗಿ ಒಂದೇ ಚಕ್ರ ತಿರುಗುತ್ತಿರುತ್ತದೆ. ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಇದು ಡಿಫರೆನ್ಷಿಯಲ್‌ನ ಗುಣ. ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದಕ್ಕೇ ತಿರುಗುವ ಅವಕಾಶ ಕೊಡುತ್ತದೆ. ಟ್ರಾಕ್ಟರಿನಲ್ಲಿ ಇದಕ್ಕೆ ಮದ್ದು ಇದೆ. ಹಿಮ್ಮಡಿಯ ಹತ್ತಿರ ಒಂದು ಚಿಕ್ಕ ಪೆಡಲ್ ಇರುತ್ತದೆ, ಡಿಫರೆನ್ಷಿಯಲ್ ಲಾಕ್. ಚಕ್ರಗಳು ನಿಂತಿರುವಾಗ ಅದನ್ನು ಒತ್ತಿ, ಆಮೇಲೆ ನಿಧಾನವಾಗಿ ಕ್ಲಚ್ ಬಿಡಿ. ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ತಿರುವಿಗೆ ಹೋಗುವ ಮೊದಲು ಬಿಟ್ಟುಬಿಡಿ. ಲಾಕ್ ಕೆಟ್ಟಿದ್ದರೆ ಇನ್ನೊಂದು ದಾರಿ. ಟ್ರಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇವೆ. ನಡುವಿನ ಕೊಂಡಿ ತೆಗೆದು, ತಿರುಗುತ್ತಿರುವ ಚಕ್ರದ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಿ. ಶಕ್ತಿ ಆಚೆ ಬದಿಗೆ ಹೋಗುತ್ತದೆ. ಹಳೆಯ ಡ್ರೈವರುಗಳಿಗೆ ಇದು ಗೊತ್ತು. ಹೊಸ ಹುಡುಗರಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಷ್ಟಕ್ಕೂ ಬರದಿದ್ದರೆ ಕೆಳಗೆ ಇಳಿಯಿರಿ. ಇಳಿದು ಸುತ್ತು ಹಾಕಿ. ಚಕ್ರ ಎಲ್ಲಿಯವರೆಗೆ ಮುಳುಗಿದೆ? ಹೊಟ್ಟೆ ನೆಲಕ್ಕೆ ತಾಗಿದೆಯೇ? ಇದನ್ನು ನೋಡದೆ ಹಗ್ಗ ಕಟ್ಟಬಾರದು. ಸೇನೆಗಳ ರಿಕವರಿ ಕೈಪಿಡಿಗಳಲ್ಲಿ ಒಂದು ಸರಳ ಲೆಕ್ಕ ಇದೆ. ಚಕ್ರದ ಮಟ್ಟಕ್ಕೆ ಹೂತಿದ್ದರೆ ಗಾಡಿಯ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ ತೂಕದ ಎರಡರಷ್ಟು. ಕ್ಯಾಬಿನ್ ಮಟ್ಟಕ್ಕೆ ಹೋಗಿದ್ದರೆ ಮೂರರಷ್ಟು.

ಇದನ್ನು ನಮ್ಮ ಕೆರೆಯಂಗಳಕ್ಕೆ ತನ್ನಿ. ಟ್ರಾಕ್ಟರ್ ಎರಡು ಟನ್. ಟ್ರೈಲರ್ ಒಂದು ಟನ್. ಒಳಗೆ ಹಸಿ ಹೂಳು ಮೂರು ಟನ್. ಒಟ್ಟು ಆರು. ಮಡ್‌ಗಾರ್ಡ್ ಮಟ್ಟ ಅಂದರೆ ಹನ್ನೆರಡು ಟನ್ನಿನ ಎಳೆತ. ಪಕ್ಕದ ಹೊಲದಿಂದ ಕರೆದು ತಂದ ಇನ್ನೊಂದು ಟ್ರಾಕ್ಟರ್ ಕೆಸರಿನಲ್ಲಿ ನಿಂತು ಒಂದು ಟನ್ ಎಳೆದರೆ ಹೆಚ್ಚು. ಲೆಕ್ಕ ಎಲ್ಲಿಗೆ ಬಂತು? ಹಗ್ಗ ಕಡಿಯಬೇಕು, ಇಲ್ಲವೇ ಎರಡನೆಯದೂ ಕೂರಬೇಕು.

ಅದೇ ಲೆಕ್ಕವನ್ನು ತಿರುಗಿಸಿ. ಟ್ರೈಲರಿನ ಕೊಕ್ಕೆ ಬಿಚ್ಚಿ ಬೇರೆ ಮಾಡಿ. ಉಳಿದದ್ದು ಎರಡು ಟನ್ನಿನ ಟ್ರಾಕ್ಟರ್. ಚಕ್ರದ ಮುಂದೆ ಹಿಂದೆ ಸನಿಕೆ ಹಿಡಿದು ಇಳಿಜಾರು ತೋಡಿ. ಹೊಟ್ಟೆಯ ಕೆಳಗಿನ ಮಣ್ಣು ಕೆದಕಿ ತೆಗೆಯಿರಿ. ಪಕ್ಕದಲ್ಲಿ ಕಾಲುವೆ ಕೊರೆದು ನೀರು ಹರಿಯಬಿಡಿ. ಗೋಡು ಮಣ್ಣು ಗಾಡಿಯನ್ನು ಹೀರಿ ಹಿಡಿದುಕೊಂಡಿರುತ್ತದೆ. ಅಡಿಗೆ ಗಾಳಿ ಹೊಕ್ಕರೆ ಆ ಹಿಡಿತ ಬಿಡುತ್ತದೆ. ಹೂಳು ತುಂಬಿದ ಟ್ರೈಲರನ್ನು ಅಲ್ಲೇ ಖಾಲಿ ಮಾಡಿ. ಬಾಡಿಗೆ ಲೋಡು ಹೋಯಿತಲ್ಲ ಅನ್ನುವ ಬೇಸರ ಸಹಜ. ಮುರಿದ ಆಕ್ಸಲ್ ಅದಕ್ಕಿಂತ ದುಬಾರಿ.

ನೋಡಿದಿರಾ, ಇನ್ನೂ ಎಳೆದಿಲ್ಲ. ನೆಲ ನೋಡಿದೆವು, ಭಾರ ಹರಡಿದೆವು, ಲೋಡು ಇಳಿಸಿದೆವು, ತೋಡಿದೆವು. ಈಗ ಎಳೆಯಬಹುದು. ಆದರೆ ಎಳೆಯುವವನು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೆ.ಜಿ.ಎಫ್.ನಲ್ಲೇ ತಯಾರಾಗಿದೆ.

ಬೆಮಲ್ ನಿಮಗೆಲ್ಲ ಗೊತ್ತು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ತ್ ಮೂವರ್ಸ್ ಕಂಪನಿ. ಕೆ.ಜಿ.ಎಫ್.ನಲ್ಲಿ ಅದರ ದೊಡ್ಡ ಕಾರ್ಖಾನೆ ಇದೆ. ಅದರ ಸುತ್ತ ಬೆಮಲ್ ನಗರ ಎಂಬ ಊರೇ ಬೆಳೆದಿದೆ. ಬುಲ್ಡೋಜರ್, ಎಕ್ಸ್‌ಕವೇಟರ್ ಅಲ್ಲಿ ತಯಾರಾಗುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಸೇನೆಗೆ ಬೇಕಾದ ಇನ್ನೊಂದು ಯಂತ್ರವೂ ಅಲ್ಲಿ ತಯಾರಾಗಿದೆ ಅನ್ನುವುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅದು ಹೂತುಹೋದ ಯುದ್ಧಟ್ಯಾಂಕನ್ನು ಎಳೆದು ತೆಗೆಯುವ ಗಾಡಿ. ಸೈನ್ಯದವರು ಎ.ಆರ್.ವಿ. ಅನ್ನುತ್ತಾರೆ.

ಕಣ್ಣ ಮುಂದೆ ತಂದುಕೊಳ್ಳಿ. ಕೆಳಗೆ ಟಿ-72 ಟ್ಯಾಂಕಿನ ಮೈ, ಎರಡು ಬದಿ ಉಕ್ಕಿನ ಚೈನು. ಮೇಲೆ ಫಿರಂಗಿ ಇಲ್ಲ. ಅದರ ಜಾಗದಲ್ಲಿ ಒಂದು ಬದಿಗೆ ಮಡಚಿಟ್ಟ ಕ್ರೇನಿನ ತೋಳು. ಹದಿನೈದು ಟನ್ ಎತ್ತಬಲ್ಲದು. ಮೂತಿಯಲ್ಲಿ ಬುಲ್ಡೋಜರಿನ ಬ್ಲೇಡು. ಒಳಗೆ ವಿಂಚ್, ಅದಕ್ಕೆ ಸುತ್ತಿದ ಇನ್ನೂರು ಮೀಟರ್ ಉಕ್ಕಿನ ಹಗ್ಗ. ಪೋಲೆಂಡ್ ದೇಶದ ವಿನ್ಯಾಸ, ನಾಲ್ಕು ಜನರ ತಂಡ. ತೂಕ ನಲವತ್ತು ಟನ್ನಿಗೂ ಮೇಲೆ. ವಿಂಚಿನ ನೇರ ಎಳೆತ ಮೂವತ್ತು ಟನ್ನಿನ ಹತ್ತಿರ. ಟ್ಯಾಂಕಿನ ತೂಕವೂ ನಲವತ್ತು ಟನ್ನಿಗೆ ಮೇಲೆಯೇ. ಅಂದರೆ ಇಷ್ಟು ದೊಡ್ಡ ಯಂತ್ರಕ್ಕೂ ಬರೀ ಬಲದಿಂದ ಕೆಲಸ ಆಗುವುದಿಲ್ಲ.

ಅದು ಏನು ಮಾಡುತ್ತದೆ? ಮೊದಲು ದೂರದಲ್ಲಿ, ಗಟ್ಟಿ ನೆಲದಲ್ಲಿ ನಿಲ್ಲುತ್ತದೆ. ಹೂತ ಟ್ಯಾಂಕಿನ ಹತ್ತಿರ ಹೋಗುವುದಿಲ್ಲ. ಇನ್ನೂರು ಮೀಟರ್ ಹಗ್ಗ ಇರುವುದು ಅದಕ್ಕೇ. ಆಮೇಲೆ ಮೂತಿಯ ಬ್ಲೇಡನ್ನು ನೆಲಕ್ಕೆ ಊರುತ್ತದೆ. ಈಗ ಎಳೆತದ ಭಾರವನ್ನು ತಾಳುವುದು ಚೈನಿನ ಹಿಡಿತವಲ್ಲ, ಬ್ಲೇಡಿನ ಮುಂದಿರುವ ಇಡೀ ಭೂಮಿ. ಹಗ್ಗವನ್ನು ಹೂತ ಟ್ಯಾಂಕಿಗೆ ಕಟ್ಟಿದ ಪುಲ್ಲಿಯಲ್ಲಿ ಹಾಯಿಸಿ ವಾಪಸು ತಂದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ವೇಗ ಅರ್ಧ ಆಗುತ್ತದೆ. ಆಗಲಿ. ಆತುರ ಯಾರಿಗೂ ಇಲ್ಲ.

ಈ ಬುದ್ಧಿಯನ್ನೇ ನಮ್ಮ ಜೆ.ಸಿ.ಬಿ. ಆಪರೇಟರುಗಳು ಕೆಲಸದಲ್ಲಿ ಕಲಿತಿದ್ದಾರೆ. ಒಳ್ಳೆಯ ಆಪರೇಟರನ್ನು ಗಮನಿಸಿ. ಅವನು ಗಾಡಿ ಓಡಿಸಿ ಎಳೆಯುವುದಿಲ್ಲ. ಗಟ್ಟಿ ಜಾಗದಲ್ಲಿ ನಿಲ್ಲಿಸುತ್ತಾನೆ. ಮುಂದಿನ ಬಕೆಟ್ ನೆಲಕ್ಕೆ ಊರುತ್ತಾನೆ. ಹಿಂದಿನ ಎರಡು ಕಾಲು ಇಳಿಸುತ್ತಾನೆ. ಚಕ್ರಗಳು ನೆಲ ಬಿಡುವಷ್ಟು ಗಾಡಿ ಮೇಲೇಳುತ್ತದೆ. ಆಮೇಲೆ ಹಿಂದಿನ ತೋಳಿಗೆ ಚೈನು ಸಿಕ್ಕಿಸಿ, ತೋಳನ್ನು ಮಡಚುತ್ತಾ ಎಳೆಯುತ್ತಾನೆ. ಒಂದು ಮಾರು ಬಂತು. ನಿಲ್ಲಿಸಿ ಚೈನು ಗಿಡ್ಡ ಮಾಡುತ್ತಾನೆ. ಮತ್ತೆ ಎಳೆಯುತ್ತಾನೆ. ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಅದೇ ಸರಿಯಾದ ಕ್ರಮ. ಚೈನು ಸಡಿಲ ಬಿಟ್ಟು ಓಡಿಬಂದು ಝಟಕಾ ಕೊಡುವ ಆಪರೇಟರನ್ನು ನಾನಾದರೆ ವಾಪಸು ಕಳಿಸುತ್ತೇನೆ.

ಜೆ.ಸಿ.ಬಿ. ಸಿಗದ ಕಡೆ ಚೈನ್ ಪುಲ್ಲಿ ಸಾಕು. ಅದನ್ನು ಕಟ್ಟಲು ಆಧಾರ ಬೇಕು. ಹುಣಸೆ, ಹೊಂಗೆ ಒಳ್ಳೆಯ ಮರಗಳು. ಬುಡಕ್ಕೆ ಗೋಣಿಚೀಲ ಸುತ್ತಿ, ನೆಲಕ್ಕೆ ಹತ್ತಿರ ಕಟ್ಟಿ. ಎಳೆಯ ನೀಲಗಿರಿ ನಂಬಬೇಡಿ. ಹೊಲದ ಬೇಲಿಯ ಕಲ್ಲುಕೂಚವಂತೂ ಬೇಡವೇ ಬೇಡ, ಅದು ನಡುವಿಗೆ ಮುರಿಯುತ್ತದೆ. ಮರವೇ ಇಲ್ಲದ ಬಯಲಾದರೆ ಸ್ಟೆಪ್ನಿ ಟೈರನ್ನು ಎದೆಮಟ್ಟದ ಗುಂಡಿಯಲ್ಲಿ ನಿಲ್ಲಿಸಿ ಹೂಳಿ. ಚೈನಿಗೆ ಓರೆಯಾಗಿ ಒಂದು ಕಾಲುವೆ ಬಿಡಿ. ತೋಡಲು ಒಂದು ತಾಸು ಹಿಡಿಯಬಹುದು, ಆದರೆ ಅದು ಅಲುಗುವುದಿಲ್ಲ.

ಆಧಾರ ಆಯಿತು. ಇನ್ನು ಹಗ್ಗ. ಹಗ್ಗದ ವಿಷಯದಲ್ಲಿ ಕೆ.ಜಿ.ಎಫ್.ನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಸಾವಿರಾರು ಜನ ದಿನಾ ಉಕ್ಕಿನ ಹಗ್ಗಕ್ಕೆ ಜೀವ ಒಪ್ಪಿಸಿ ಇಳಿಯುತ್ತಿದ್ದರು. ಆ ಹಗ್ಗವನ್ನು ಗಣಿಯವರು ನಿತ್ಯ ಪರೀಕ್ಷೆ ಮಾಡುತ್ತಿದ್ದರು. ತುದಿಯನ್ನು ಆಗಾಗ ಕತ್ತರಿಸಿ ಹೊಸದಾಗಿ ಕಟ್ಟುತ್ತಿದ್ದರು. ಅವಧಿ ಮುಗಿದ ಹಗ್ಗ ನೋಡಲು ಚೆನ್ನಾಗಿದ್ದರೂ ತೆಗೆದುಹಾಕುತ್ತಿದ್ದರು. ಅಂಥ ಊರಿನಲ್ಲಿ ಇವತ್ತು ಬಾವಿಯಿಂದ ಮೋಟರ್ ಎತ್ತಿ ಎತ್ತಿ ನವೆದ ಹಗ್ಗಕ್ಕೆ ಎರಡು ಗಂಟು ಹಾಕಿ ಲಾರಿ ಎಳೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಬಿಗಿದ ಹಗ್ಗದೊಳಗೆ ಶಕ್ತಿ ಕೂಡಿರುತ್ತದೆ. ಕಡಿದರೆ ಅದು ಹಿಂದಕ್ಕೆ ಬೀಸುತ್ತದೆ. ಹಿಗ್ಗುವ ನೈಲಾನ್ ಹಗ್ಗ ಹೆಚ್ಚು ಅಪಾಯ. ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇದ್ದರೆ ಗುಂಡು ಹಾರಿದ ಹಾಗೇ. ಅದಕ್ಕೆ ಮೂರು ಮಾತು ನೆನಪಿಡಿ. ಹಗ್ಗದ ಉದ್ದದ ಒಂದೂವರೆಯಷ್ಟು ದೂರಕ್ಕೆ ಜನರನ್ನು ಕಳಿಸಿ. ಬಿಗಿದ ಹಗ್ಗವನ್ನು ದಾಟಬೇಡಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಕಡಿದರೆ ಅದು ಹಗ್ಗವನ್ನು ನೆಲಕ್ಕೆ ಕೆಡವುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಲು ಹಗ್ಗದ ಪಕ್ಕದಲ್ಲೇ ಕೂರುವ ಹುಡುಗರನ್ನು ದಯವಿಟ್ಟು ಎಬ್ಬಿಸಿ ಕಳಿಸಿ.

ಕಾರಿಗೆ ಎಲ್ಲಿ ಕಟ್ಟಬೇಕು? ಬಂಪರಿಗೆ ಕಟ್ಟಬಾರದು, ಅದು ಪ್ಲಾಸ್ಟಿಕ್. ನಿಮ್ಮ ಕಾರಿನ ಸ್ಟೆಪ್ನಿಯ ಹತ್ತಿರ, ಜಾಕಿಯ ಜೊತೆಗೆ, ಒಂದು ತುದಿ ಉಂಗುರ, ಇನ್ನೊಂದು ತುದಿ ಥ್ರೆಡ್ ಇರುವ ದಪ್ಪ ಕೊಂಡಿ ಇರಬಹುದು. ಬಹಳ ಜನ ಅದನ್ನು ತೆಗೆದು ನೋಡಿಯೇ ಇರುವುದಿಲ್ಲ. ಬಂಪರಿನಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಮುಚ್ಚಳ ಇರುತ್ತದೆ. ಅದನ್ನು ಕಿತ್ತರೆ ತೂತು ಕಾಣುತ್ತದೆ. ಕೊಂಡಿಯನ್ನು ಅಲ್ಲಿ ಪೂರ್ತಿ ತಿರುಗಿಸಿ ಬಿಗಿ ಮಾಡಿ. ಕೆಲವು ಕಾರುಗಳಲ್ಲಿ ಅದು ಉಲ್ಟಾ ಥ್ರೆಡ್. ಎಡಕ್ಕೆ ತಿರುಗಿಸಬೇಕು. ಮಳೆಯಲ್ಲಿ, ಕತ್ತಲಲ್ಲಿ ಹುಡುಕುವ ಬದಲು ಈ ಭಾನುವಾರ ಮನೆ ಮುಂದೆ ಒಮ್ಮೆ ಹಾಕಿ ನೋಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ. ನೆಲ, ಭಾರ, ಆಧಾರ ಇವುಗಳಲ್ಲಿ ತಪ್ಪಿದರೆ ಹೆಚ್ಚಾಗಿ ಹೋಗುವುದು ದುಡ್ಡು. ಈಗ ಹೇಳುವುದರಲ್ಲಿ ತಪ್ಪಿದರೆ ಡ್ರೈವರನೇ ಹೋಗುತ್ತಾನೆ. ರೈತ ಬಂಧುಗಳು ಕಿವಿಗೊಡಬೇಕು.

ಟ್ರಾಕ್ಟರ್ ಕೆಸರಿನಲ್ಲಿ ಕೂತಾಗ ಹಿಂದಿನ ಎರಡು ಚಕ್ರಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ, ಮುಂದಿನ ಗೇರು ಹಾಕಿ ಏರಿಸುವ ಒಂದು ಪದ್ಧತಿ ಇದೆ. ಒಮ್ಮೊಮ್ಮೆ ಗಾಡಿ ಬರುತ್ತದೆ. ಅದಕ್ಕೇ ಜನ ಅದನ್ನು ಬಿಟ್ಟಿಲ್ಲ. ಬರದಿದ್ದಾಗ ಏನಾಗುತ್ತದೆ ಕೇಳಿ. ದಿಮ್ಮಿ ಮಣ್ಣಿಗೆ ಸಿಕ್ಕಿ ಚಕ್ರ ತಿರುಗುವುದಿಲ್ಲ. ಎಂಜಿನ್ ಮಾತ್ರ ತಿರುಗಿಸುತ್ತಲೇ ಇರುತ್ತದೆ. ಚಕ್ರ ತಿರುಗದಿದ್ದರೆ ಆ ಬಲ ಎಲ್ಲಿಗೆ ಹೋಗಬೇಕು? ಟ್ರಾಕ್ಟರಿನ ಮೈಯೇ ಆಕ್ಸಲಿನ ಸುತ್ತ ತಿರುಗುತ್ತದೆ. ಮೂತಿ ಮೇಲೆ ಏಳುತ್ತದೆ. ಮುಂದಿನ ಚಕ್ರ ನೆಲ ಬಿಟ್ಟಲ್ಲಿಂದ ಇಡೀ ಟ್ರಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರನ ಮೇಲೆ ಬೀಳಲು ಒಂದೂವರೆ ಸೆಕೆಂಡು ಸಾಕು. ಅದರಲ್ಲಿ ಮೊದಲ ಮುಕ್ಕಾಲು ಸೆಕೆಂಡು ಕಳೆದರೆ ಕ್ಲಚ್ ಒತ್ತಿದರೂ ನಿಲ್ಲುವುದಿಲ್ಲ. ಮನುಷ್ಯನಿಗೆ ಏನೋ ಆಗುತ್ತಿದೆ ಎಂದು ತಿಳಿದು ಕಾಲು ಒತ್ತಲು ಅಷ್ಟೇ ಹೊತ್ತು ಬೇಕು. ಅನುಭವ, ಧೈರ್ಯ, ವಯಸ್ಸು ಯಾವುದೂ ಇಲ್ಲಿ ನೆರವಿಗೆ ಬರುವುದಿಲ್ಲ.

ಹಾಗಾಗಿ ದಿಮ್ಮಿ ಕಟ್ಟಬೇಡಿ. ಹೂತ ಟ್ರಾಕ್ಟರನ್ನು ತೋಡಿ, ಬಂದ ದಾರಿಯಲ್ಲೇ ರಿವರ್ಸ್‌ನಲ್ಲಿ ತೆಗೆಯಲು ನೋಡಿ. ರಿವರ್ಸ್‌ನಲ್ಲಿ ಎಂಜಿನ್ನಿನ ಬಲ ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಇನ್ನೊಂದು ಟ್ರಾಕ್ಟರಿನಿಂದ ಎಳೆಸಬೇಕಾದರೆ ಚೈನನ್ನು ಅದರ ಕೆಳಗಿನ ಡ್ರಾಬಾರಿಗೇ ಹಾಕಿ. ಮೇಲಿನ ಲಿಂಕಿಗೆ, ಸೀಟಿನ ಹಿಂದಿನ ಯಾವುದೋ ಪೈಪಿಗೆ ಹಾಕಿದರೆ ಎಳೆಯುವ ಟ್ರಾಕ್ಟರೇ ಮಗುಚುತ್ತದೆ. ಎತ್ತರದಿಂದ ಎಳೆದಷ್ಟೂ ಮೂತಿ ಹಗುರಾಗುತ್ತದೆ. ಸಹಾಯಕ್ಕೆ ಬಂದವನು ಸತ್ತ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಮಡ್‌ಗಾರ್ಡ್ ಮೇಲೆ ಕೂತ ಮಕ್ಕಳನ್ನು, ಟ್ರೈಲರಿನ ಕೊಕ್ಕೆಯ ಮೇಲೆ ನಿಂತವರನ್ನು ಮೊದಲು ಇಳಿಸಿ.

ಕೆಸರು, ಮರಳಿನ ಮಾತು ಇಲ್ಲಿಗೆ ಸಾಕು. ಕೊನೆಯದಾಗಿ ನೀರು. ನೀರಿನಲ್ಲೂ ನಿಯಮ ಅದೇ, ಎಳೆಯುವುದು ಕೊನೆಗೆ. ಇಲ್ಲಿ ಅದಕ್ಕೂ ಮೊದಲಿನ ಕೆಲಸ ಒಂದಿದೆ, ಇಳಿಯದಿರುವುದು.

ಬಂಗಾರಪೇಟೆ ರೈಲ್ವೆ ಜಂಕ್ಷನ್. ಬೆಂಗಳೂರು, ಜೋಲಾರಪೇಟೆ, ಕೋಲಾರ, ಮಾರಿಕುಪ್ಪಂ, ನಾಲ್ಕು ಕಡೆಗೆ ಹಳಿಗಳು. ಹಳಿ ದಾಟಬೇಕಾದ ಊರುಗಳಿಗೆ ಅಂಡರ್‌ಪಾಸ್ ಹೊಸದಲ್ಲ. ಅಂಡರ್‌ಪಾಸ್ ಅಂದರೆ ಸುತ್ತಲಿನ ನೆಲಕ್ಕಿಂತ ತಗ್ಗು. ಮಳೆ ಬಂದರೆ ಸುತ್ತಲಿನ ನೀರು ಅಲ್ಲಿಗೇ ಇಳಿಯುತ್ತದೆ. ಮೇಲಿಂದ ನೋಡಿದರೆ ಆಳ ತಿಳಿಯುವುದಿಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರೊಂದು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. ಅದು ನದಿಯಲ್ಲ, ಕೆರೆಯಲ್ಲ. ವಿಧಾನಸೌಧದ ಹತ್ತಿರದ ರಸ್ತೆ.

ಎಷ್ಟು ನೀರು ಅಪಾಯ? ಲೆಕ್ಕ ಹಾಕೋಣ. ಸಣ್ಣ ಕಾರು ಸುಮಾರು ಒಂದು ಟನ್. ಅದರ ತಳದ ವಿಸ್ತಾರ ಆರು ಚದರ ಮೀಟರ್. ತಳದ ಮೇಲೆ ಹದಿನೇಳು ಸೆಂಟಿಮೀಟರ್ ನೀರು ಏರಿದರೆ ಅದು ಒಂದು ಟನ್ ನೀರನ್ನು ಪಕ್ಕಕ್ಕೆ ತಳ್ಳಿದ ಹಾಗೆ. ಆಗ ಕಾರು ತೇಲಲು ಶುರು. ನೆಲದಿಂದ ತಳಕ್ಕೆ ಇರುವ ಅಂತರ ಇನ್ನೊಂದು ಹದಿನೇಳು. ಒಟ್ಟು ಒಂದಡಿಗಿಂತ ಸ್ವಲ್ಪ ಹೆಚ್ಚು. ಮೊಣಕಾಲಿಗಿಂತ ಕೆಳಗಿನ ನೀರು ಕಾರಿನ ಚಕ್ರವನ್ನು ನೆಲದಿಂದ ಬಿಡಿಸುತ್ತದೆ. ಹರಿಯುವ ನೀರಾದರೆ ಅದಕ್ಕೂ ಮೊದಲೇ ಪಕ್ಕಕ್ಕೆ ತಳ್ಳುತ್ತದೆ. ಕೋಡಿ ಹರಿಯುವ ರಸ್ತೆಗೆ ಇಳಿಯಬೇಡಿ ಅನ್ನುವುದು ಇದಕ್ಕೇ. ಬಾಗಿಲ ಹೊರಗೆ ಅರ್ಧ ಮೀಟರ್ ನೀರು ನಿಂತರೆ ಬಾಗಿಲಿನ ಮೇಲೆ ನೂರು ಕೆ.ಜಿ.ಗೂ ಮೀರಿದ ಒತ್ತಡ. ಒಳಗಿಂದ ತೆರೆಯಲು ಆಗುವುದಿಲ್ಲ. ಕಾರು ನಿಂತ ತಕ್ಷಣ ಕಿಟಕಿ ಇಳಿಸಿ ಹೊರಗೆ ಬನ್ನಿ. ಕಾರು ಆಮೇಲೆ ನೋಡಿಕೊಳ್ಳೋಣ.

ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ನೀರು ಸಿಲಿಂಡರ್ ಹೊಕ್ಕಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಚಾವಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾವಿರಗಳಲ್ಲಿ ಮುಗಿಯಬೇಕಾದ ರಿಪೇರಿ ಲಕ್ಷಕ್ಕೆ ಹೋಗುತ್ತದೆ. ವಿಮೆಯವರು ಇಂಥ ಎಂಜಿನ್ ನಷ್ಟವನ್ನು ಹಲವು ಪಾಲಿಸಿಗಳಲ್ಲಿ ಒಪ್ಪುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ಪಾಲಿಸಿ ಬೇರೆ ಸೇರಿಸಿರಬೇಕು. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ತಳ್ಳಿ ಹೊರಗೆ ತನ್ನಿ. ಆಟೊಮ್ಯಾಟಿಕ್ ಅಥವಾ ಕರೆಂಟಿನ ಕಾರಾದರೆ ಚಕ್ರ ಉರುಳಿಸಿ ದೂರ ಎಳೆಯಬೇಡಿ, ಫ್ಲ್ಯಾಟ್‌ಬೆಡ್ ಗಾಡಿ ತರಿಸಿ. ಬ್ಯಾಟರಿ ಕಳಚಿಸಿ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲು ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮೆಕ್ಯಾನಿಕ್ ಬರುವವರೆಗೆ ಮುಟ್ಟಬೇಡಿ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ನೀರು ನುಗ್ಗಿದಾಗ ದೊಡ್ಡ ದೊಡ್ಡ ಕಾರುಗಳು ತೇಲಿದವು. ಕಂಪ್ಯೂಟರ್ ಕಂಪನಿಗಳ ನೌಕರರನ್ನು ಸಾಗಿಸಿದ್ದು ಟ್ರಾಕ್ಟರುಗಳು. ಟ್ರಾಕ್ಟರಿಗೆ ದೊಡ್ಡ ಚಕ್ರ, ಎತ್ತರದ ಹೊಟ್ಟೆ, ಮೇಲೆ ಗಾಳಿ ಎಳೆಯುವ ಕೊಳವೆ. ಸರಿಯೇ. ಆದರೆ ಅದು ಗಟ್ಟಿ ಡಾಂಬರಿನ ಮೇಲೆ ನಿಂತ ನೀರು. ಅದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಹುಡುಗರು ಹರಿಯುವ ಹಳ್ಳಕ್ಕೆ ಟ್ರಾಕ್ಟರ್ ಇಳಿಸಬಾರದು.

ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ 1033ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯ ಇದ್ದರೆ ಎಲ್ಲಿಂದಲಾದರೂ 112. ಗಾಡಿಯ ಹಿಂದೆ ಐವತ್ತು ಮೀಟರ್ ದೂರದಲ್ಲಿ ಕೆಂಪು ತ್ರಿಕೋನ ಇಡಿ, ಕಲ್ಲು ಇಡಬೇಡಿ. ಎಳೆದಾದ ಮೇಲೆ ಜನ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಕತ್ತಲಲ್ಲಿ ಬೈಕಿನವನು ಬಂದು ಬೀಳುತ್ತಾನೆ.

ಕಡೆಗೆ ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಯ ಸದಸ್ಯರಲ್ಲಿ ಒಂದು ಮನವಿ. ನಿಮ್ಮ ವ್ಯಾಪ್ತಿಯ ಪ್ರತಿ ಅಂಡರ್‌ಪಾಸಿನ ಗೋಡೆಗೆ, ಕೋಡಿ ನೀರು ಹಾಯುವ ಪ್ರತಿ ರಸ್ತೆಯ ಬದಿಗೆ ಒಂದು ಅಳತೆ ಪಟ್ಟಿ ಬರೆಸಿ. ಕೆಳಗಿಂದ ಒಂದಡಿ ಹಳದಿ, ಅದರ ಮೇಲೆ ಕೆಂಪು. ಕೆಂಪಿಗೆ ನೀರು ತಾಗಿದರೆ, ಹರಿಯುವ ನೀರಾದರೆ ಎಷ್ಟಿದ್ದರೂ, ಯಾರೂ ಇಳಿಯಬಾರದು ಎಂದು ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ದಪ್ಪಕ್ಷರದಲ್ಲಿ ಬರೆಸಿ. ಎರಡು ಡಬ್ಬಿ ಬಣ್ಣ, ಒಬ್ಬ ಪೇಂಟರ್, ಅರ್ಧ ದಿನದ ಕೂಲಿ. ಸೆಪ್ಟೆಂಬರಿನ ಮಳೆಗೆ ಮೊದಲು ಆಗಬೇಕಾದ ಕೆಲಸ ಇದು. ಕೇಳುಗರೇ, ನಿಮ್ಮ ವಾರ್ಡಿನ ಸದಸ್ಯರು ಈ ಮಾತು ಕೇಳಿರದಿದ್ದರೆ ನೀವು ಹೋಗಿ ಹೇಳಿ.